ಪುಕ್ಕಟೆ ಸಿಕ್ಕಿದ ಧ್ವನಿ

ನನ್ನ ಅಕ್ಕನ ಮಾತು ಎರಡು ಸಲ ನಿಂತಿತು. ಮೊದಲ ಸಲ ನಿಂತದ್ದು ಮಿದುಳಿನ ರಕ್ತನಾಳ ಕಟ್ಟಿಕೊಂಡು. ಅದನ್ನು ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು, ನನಗೆ ಅರ್ಥವೂ ಆಯಿತು. ಎರಡನೆಯ ಸಲ ನಿಂತದ್ದು ಯಾವುದೋ ದೇಶದ ದೊಡ್ಡ ಕಂಪೆನಿಯೊಂದು ಮಣಿಪಾಲದ ಸಣ್ಣ ಕಂಪೆನಿಗೆ ಪುಕ್ಕಟೆಯಾಗಿ ಕೊಡುತ್ತಿದ್ದ ಸೌಲಭ್ಯ ಮುಗಿದದ್ದರಿಂದ. ಇದನ್ನೂ ನನಗೆ ವಿವರಿಸಿದವರಿದ್ದಾರೆ, ಒಬ್ಬರಲ್ಲ, ಹಲವರು. ಆದರೆ ಈಗಲೂ ಯಾರಾದರೂ ಕೇಳಿದರೆ ನಾನು ಹೇಳಲು ತೊಡಗಿ ಅರ್ಧದಲ್ಲಿ ದಾರಿ ತಪ್ಪುತ್ತೇನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಸಂಧಿ, ಸಮಾಸ ಎಂದು ತಲೆಮಾರುಗಟ್ಟಲೆ ಮಕ್ಕಳ ತಲೆ ತಿಂದಿದ್ದೇನೆ. ನನ್ನ ತಲೆ ತಿಂದದ್ದು ಇದೊಂದೇ.

ಅಕ್ಕನದು ಅಜೆಕಾರಿನಲ್ಲಿ ಒಂದು ಹೋಟೆಲು. ಹೋಟೆಲೆಂದರೆ ನಾಲ್ಕು ಮೇಜು, ಬಾಗಿಲ ಬಳಿ ಒಂದು ಗಲ್ಲಾ, ಹಿಂದೆ ಅಡುಗೆಕೋಣೆ, ಅಷ್ಟೇ. ಬೆಳಿಗ್ಗೆ ಬಾಳೆಹಣ್ಣು ಕಲಸಿ ಕರಿದ ಬನ್ಸ್, ಅವಲಕ್ಕಿ, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಚಟ್ನಿ, ಸಿಕ್ಕಿದ ದಿನ ಮೀನು. ಭಾವ ತೀರಿಕೊಂಡ ಮೇಲೆ ಅವಳೇ ಗಲ್ಲಾದಲ್ಲಿ ಕುಳಿತು ಅದನ್ನು ನಡೆಸಿದಳು. ನಡೆಸಿದಳು ಎಂದರೆ ಕೂಗಿದಳು. ಕೂತಲ್ಲಿಂದ ಏಳದೆ ಅಡುಗೆಕೋಣೆಗೂ ರಸ್ತೆಗೂ ಒಟ್ಟಿಗೇ ಕೇಳುವ ಹಾಗೆ ಕೂಗುವುದೇ ಅವಳ ಆಡಳಿತ. ಬಸ್ಸಿನಲ್ಲಿ ನಿದ್ದೆ ಮಾಡುವವರು ಅವಳ ಸ್ವರ ಕೇಳಿ ಎದ್ದು ಇಳಿಯುತ್ತಾರೆ, ಕಂಡಕ್ಟರನಿಗೆ ಅಜೆಕಾರು ಅಜೆಕಾರು ಎಂದು ಹೇಳುವ ಕೆಲಸವಿಲ್ಲ ಎಂದು ಊರಿನವರ ತಮಾಷೆ. ಅವಳು ಅದಕ್ಕೆ ನಗುತ್ತಿರಲಿಲ್ಲ. ಸತ್ಯಕ್ಕೆ ಯಾಕೆ ನಗಬೇಕು ಎಂಬ ಮುಖ ಮಾಡುತ್ತಿದ್ದಳು.

ನಾನು ಮದುವೆಯಾಗಿ ಇನ್ನಂಜೆಗೆ ಬಂದವಳು. ಫೋನಿನಲ್ಲಿ ಧ್ವನಿ ಕಳಿಸಬಹುದು ಎಂದು ಗೊತ್ತಾದಂದಿನಿಂದ ಅಕ್ಕ ನನ್ನನ್ನು ಬಿಡಲಿಲ್ಲ. ಟೈಪ್ ಮಾಡುವ ತಾಳ್ಮೆ ಅವಳಿಗೆಲ್ಲಿ? ಗ್ಯಾಸಿನವನು ಬಾರದ್ದು, ಮಗನ ಸೋಮಾರಿತನ, ಬಂಗುಡೆ ಮೀನಿನ ಕ್ರಯ, ನನ್ನ ಗಂಡನ ಸಕ್ಕರೆ ಕಾಯಿಲೆಗೆ ನಾನೇ ಕಾರಣ ಎಂಬ ಆರೋಪ, ಎಲ್ಲವೂ ಧ್ವನಿಯಾಗಿ ಬಂದು ನನ್ನ ಫೋನಿನಲ್ಲಿ ಬೀಳುತ್ತಿದ್ದವು. ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗ ಅವಳ ಬೈಗುಳದ ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಏನು ಮಾಡುವುದು.

ಆಮೇಲೆ ಒಂದು ಬೆಳಿಗ್ಗೆ ಗಲ್ಲಾದಲ್ಲೇ ಅವಳ ಬಾಯಿ ಸೊಟ್ಟಗಾಯಿತು. ಕೈಕಾಲು ತಿಂಗಳುಗಳಲ್ಲಿ ಸರಿಯಾದವು, ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ಯಾರು ಚಾ ಕುಡಿದು ದುಡ್ಡು ಕೊಡದೆ ಹೋದರು ಎಂಬುದೂ ತಿಳಿಯುತ್ತದೆ. ಬಾಯಿ ತೆರೆದರೆ ಮಾತ್ರ “ಅವು, ಅವು” ಎಂಬುದರ ಹೊರತು ಏನೂ ಬಾರದು. ಗಲ್ಲಾದಲ್ಲಿ ಮಗ ಕುಳಿತ. ಬಾಯಿಲ್ಲದವಳಿಗೆ ಗಲ್ಲಾ ಯಾಕೆ ಎಂದು ಯಾರೂ ಹೇಳಲಿಲ್ಲ, ಅವಳೇ ಎದ್ದು ಒಳಗೆ ಹೋದಳು. ಅಡುಗೆಕೋಣೆಯ ಮೂಲೆಯಲ್ಲಿ ಕುಳಿತು ನೀರುಳ್ಳಿ ಸುಲಿಯುತ್ತಿದ್ದಳು. ನಾನು ಹೋದಾಗ ಕಣ್ಣೊರೆಸಿಕೊಂಡರೆ ನೀರುಳ್ಳಿಯಿಂದಲೋ ಅಲ್ಲವೋ ಎಂದು ಕೇಳಲು ನನಗೆ ಧೈರ್ಯ ಬರುತ್ತಿರಲಿಲ್ಲ. ಅವಳು ಪುನಃ ಆ ಗಲ್ಲಾದಲ್ಲಿ ಕುಳಿತು ಒಂದು ಸಲ ಕೂಗಿದರೆ ಸಾಕಿತ್ತು ನನಗೆ. ನನ್ನ ಆಸೆ ಅಷ್ಟೇ ಇತ್ತು.

ಅದೇ ಕಾಲಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನು ಬಂತು. ಅವಳ ಅಪ್ಪ ಗದಗದ ಕಡೆಯಿಂದ ಗಾರೆ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದವರು. ಹುಡುಗಿ ಇಲ್ಲೇ ಓದಿ ಇಂಜಿನಿಯರಾದಳು. ಮಾತು ಇಲ್ಲಿಯದಾಗಿದೆ, ಸಿಟ್ಟು ಬಂದರೆ, ಹೆದರಿದರೆ ಮಾತ್ರ ಗದಗ ಎದ್ದು ಬರುತ್ತದೆ. ಅವಳು ಒಬ್ಬ ಜೊತೆಗಾರನೊಂದಿಗೆ ಸೇರಿ ಒಂದು ಸಣ್ಣ ಕಂಪೆನಿ ತೆರೆದಿದ್ದಳು. ಮಾತು ಕಳಕೊಂಡವರಿಗೆ ಫೋನಿನಲ್ಲಿ ಚಿತ್ರಗಳು. ಚಿತ್ರ ಒತ್ತಿದರೆ ಫೋನು ಅವರ ಪರವಾಗಿ ಮಾತಾಡುತ್ತದೆ. ನೀರಿನ ಚಿತ್ರ ಒತ್ತಿದರೆ “ನನಗೆ ನೀರು ಬೇಕು.” ಇಲ್ಲಿಯ ರೋಗಿಗಳಿಗೆ ಕನ್ನಡದಲ್ಲಿ ನೀರು ಕೇಳಿ ಅಭ್ಯಾಸವಿಲ್ಲ. ತುಳುವಿನಲ್ಲಿ ವಾಕ್ಯ ಬರೆದುಕೊಡಲು ಒಬ್ಬರು ಬೇಕಿತ್ತು.

“ಟೀಚರ್, ನೀವೇ ಆಗಬೇಕು” ಎಂದಳು.

ಹೋದೆ. ನಿವೃತ್ತರಾದವರಿಗೆ ಯಾರಾದರೂ “ನೀವೇ ಆಗಬೇಕು” ಎಂದರೆ ಎಲ್ಲಿಗೂ ಹೋಗುತ್ತಾರೆ. ಮಣಿಪಾಲದ ಒಂದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಅವರ ಆಫೀಸು. ಎರಡು ಮೇಜು, ಒಂದು ಕೆಟ್ಟುಹೋದ ಫ್ಯಾನು. ಕಂಪ್ಯೂಟರ್ ಅಂತ ಇದ್ದದ್ದು ಇಬ್ಬರ ತೊಡೆಯ ಮೇಲೆ. ಇಷ್ಟರಲ್ಲಿ ಹೇಗೆ ಕಂಪೆನಿ ನಡೆಸುತ್ತೀರಿ ಎಂದು ಕೇಳಿದೆ. ನಮ್ಮ ದೊಡ್ಡ ಕಂಪ್ಯೂಟರುಗಳೆಲ್ಲ ಕ್ಲೌಡಿನಲ್ಲಿ ಉಂಟು ಎಂದಳು. ಕ್ಲೌಡ್ ಎಂದರೆ ಬೇರೆಯವರ ಕಟ್ಟಡದಲ್ಲಿ ಇರುವ ಬೇರೆಯವರ ಕಂಪ್ಯೂಟರು, ನಾವು ಇಲ್ಲಿಂದ ಬಳಸುವುದು. ಅಷ್ಟು ಅರ್ಥವಾಯಿತು.

ಆ ದೊಡ್ಡ ಕಂಪೆನಿಯ ಕ್ಲೌಡಿನಲ್ಲಿ ಒಂದು ವಿಶೇಷ ಸವಲತ್ತಿತ್ತು. ಒಬ್ಬರ ಮಾತಿನ ರೆಕಾರ್ಡನ್ನು ಸಾಕಷ್ಟು ಕೊಟ್ಟು, ಆ ಮಾತನ್ನು ಅಕ್ಷರದಲ್ಲಿ ಬರೆದೂ ಕೊಟ್ಟರೆ, ಅದು ಆ ಧ್ವನಿಯನ್ನೇ ಕಟ್ಟಿಕೊಡುತ್ತದೆ. ಆಮೇಲೆ ನಾವು ಏನು ಬರೆದರೂ ಅದೇ ಧ್ವನಿಯಲ್ಲಿ ಹೇಳುತ್ತದೆ. ಹುಡುಗಿ ಇದನ್ನು ಹೇಳುತ್ತಿದ್ದಾಗ ನನ್ನ ಕೈ ತಾನಾಗಿ ಫೋನಿನ ಕಡೆಗೆ ಹೋಯಿತು. ಅದರಲ್ಲಿ ಅಕ್ಕನ ಬೈಗುಳ ರಾಶಿ ರಾಶಿ ಬಿದ್ದಿತ್ತು.

ಮುಂದಿನ ದಿನಗಳಲ್ಲಿ ನಾನು ಮಾಡಿದ್ದು ಅದೇ ಕೆಲಸ. ಕಿವಿಗೆ ವಯರು ಸಿಕ್ಕಿಸಿಕೊಂಡು ಅಕ್ಕ ನನ್ನನ್ನು ಬೈದದ್ದನ್ನೆಲ್ಲ ಶುದ್ಧವಾಗಿ ಬರೆದೆ. “ನಿನ್ನ ಗಂಡನಿಗೆ ಪಾಯಸ ಬಡಿಸಿದ್ದೀಯಂತೆ, ಬುದ್ಧಿ ಉಂಟಾ ನಿನಗೆ?” ಬರೆದೆ. “ಟೀಚರ್ ಅಂತೆ ಟೀಚರ್, ಒಂದು ಗಂಜಿ ಬೇಯಿಸಲಿಕ್ಕೆ ಬರುವುದಿಲ್ಲ.” ಅದನ್ನೂ ಬರೆದೆ, ಪ್ರಶ್ನಾರ್ಥಕ, ಪೂರ್ಣವಿರಾಮ ಹಾಕಿ. ಬರೆಯುತ್ತ ಬರೆಯುತ್ತ ನಗು, ಆಮೇಲೆ ಅಳು. ಹುಡುಗಿ ನೀರಿನ ಬಾಟ್ಲಿ ತಂದಿಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಧ್ವನಿ ಸಿದ್ಧವಾದ ಮೇಲೆ ನಾವಿಬ್ಬರೂ ಅಜೆಕಾರಿಗೆ ಹೋದೆವು. ಫೋನನ್ನು ಅಕ್ಕನ ಕೈಯಲ್ಲಿಟ್ಟು ಚಾ ಲೋಟದ ಚಿತ್ರ ತೋರಿಸಿದೆ. ಅವಳು ಸಂಶಯದಿಂದ ನನ್ನನ್ನೂ ಚಿತ್ರವನ್ನೂ ನೋಡಿ ಒತ್ತಿದಳು.

“ಎರಡು ಚಾ! ಬೇಗ!”

ಅವಳದೇ ಸ್ವರ. ಅದೇ ಎಳೆತ, ಅದೇ ಅಧಿಕಾರ. ಒಳಗಿನಿಂದ ಅಡುಗೆಯವಳು ಅಭ್ಯಾಸಬಲದಿಂದ “ಹ್ಞಾ, ತರ್ತೇನೆ” ಎಂದು, ಆಮೇಲೆ ಸೌಟು ಕೈಯಲ್ಲಿ ಹಿಡಿದೇ ಹೊರಗೆ ಓಡಿ ಬಂದಳು. ಅಕ್ಕ ಇನ್ನೊಮ್ಮೆ ಒತ್ತಿದಳು, ಮತ್ತೂ ಒಮ್ಮೆ. ಯಾರೂ ಕುಡಿಯದ ಚಾ ಮೇಜಿನ ತುಂಬ ಬಂತು. ಮಗ ಗಲ್ಲಾದಿಂದ ಎದ್ದ, ಅವಳು ಹೋಗಿ ಕುಳಿತಳು. ಅವತ್ತು ನನಗೆ ಆದ ಸಂತೋಷ ನನ್ನ ಮಗಳ ಮದುವೆಯ ದಿನವೂ ಆಗಿರಲಿಲ್ಲ, ಮಗಳು ಓದಿದರೆ ಓದಲಿ.

ಇದಕ್ಕೆಲ್ಲ ಖರ್ಚು ಯಾರದು ಎಂದು ಬಸ್ಸಿನಲ್ಲಿ ಬರುವಾಗ ಹುಡುಗಿಯನ್ನು ಕೇಳಿದೆ. ಯಾರದೂ ಅಲ್ಲ, ಆ ದೊಡ್ಡ ಕಂಪೆನಿ ಹೊಸ ಕಂಪೆನಿಗಳಿಗೆ ಇಂತಿಷ್ಟು ಎಂದು ಪುಕ್ಕಟೆ ಬಳಕೆ ಕೊಡುತ್ತದೆ, ಅದಕ್ಕೆ ಕ್ರೆಡಿಟ್ ಅನ್ನುತ್ತಾರೆ, ಅದರಲ್ಲಿ ನಡೆಯುತ್ತಿದೆ ಎಂದಳು.

“ಯಾಕೆ ಕೊಡುತ್ತಾರೆ?”

“ಬೆಳೀಲಿ ಅಂತ, ಟೀಚರ್.”

ನನ್ನ ಗೊಂದಲ ಶುರುವಾದದ್ದು ಅಲ್ಲಿಂದ. ಕೊಡುವುದರಲ್ಲಿ ಎಷ್ಟು ಬಗೆ ಉಂಟು ಎಂದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ದೇವಸ್ಥಾನಕ್ಕೆ ಬ್ರಹ್ಮಕಲಶವಾದರೆ ಊರೂರಿನಿಂದ ಅಕ್ಕಿ, ತೆಂಗಿನಕಾಯಿ, ಕುಂಬಳಕಾಯಿ ಹೊರೆಕಾಣಿಕೆಯಾಗಿ ಮೆರವಣಿಗೆಯಲ್ಲಿ ಬರುತ್ತದೆ. ಅದು ಒಂದು ಬಗೆ. ಮದುವೆಗೆ ಕೊಡುವ ಉಡುಗೊರೆ ಇನ್ನೊಂದು ಬಗೆ, ಅದನ್ನು ಅವರ ಮನೆಯ ಮದುವೆಗೆ ತಿರುಗಿಸದಿದ್ದರೆ ಮುಖ ನೋಡುವಂತಿಲ್ಲ. ದೇವಸ್ಥಾನದ ಮಧ್ಯಾಹ್ನದ ಊಟ ಮತ್ತೊಂದು. ಉಡುಪಿಯಲ್ಲಿ ಓದುವಾಗ ಎಷ್ಟೋ ದಿನ ಆ ಊಟದಲ್ಲೇ ನನ್ನ ಹೊಟ್ಟೆ ತುಂಬಿದ್ದು. ಎಲೆಯ ಮುಂದೆ ಕುಳಿತ ಮೇಲೆ ಯಾರು, ಯಾಕೆ, ನಾಳೆಯೂ ಉಂಟಾ ಎಂದು ಕೇಳುವ ಕ್ರಮ ಇಲ್ಲ. ಕೇಳಿದರೆ ಅಪಚಾರ. ಕ್ರೆಡಿಟ್ ಇದರಲ್ಲಿ ಯಾವುದು ಎಂದು ಯೋಚಿಸಿ, ಬಸ್ಸು ಕಾರ್ಕಳ ದಾಟುವ ಹೊತ್ತಿಗೆ ಅದು ಊಟದ ಬಗೆಯದೇ ಎಂದು ತೀರ್ಮಾನಿಸಿ ಸುಮ್ಮನಾದೆ. ಆ ಇಬ್ಬರು ಇಂಜಿನಿಯರುಗಳೂ ಅದೇ ತೀರ್ಮಾನಕ್ಕೆ ಬಂದಿದ್ದರು ಎಂದು ಆಮೇಲೆ ತಿಳಿಯಿತು. ಅವರೂ ಇದೇ ಊರಿನಲ್ಲಿ ಬೆಳೆದವರು, ಇದೇ ಪಂಕ್ತಿಯಲ್ಲಿ ಉಂಡವರು.

ಅವರ ಕೆಲಸದ ರೀತಿಯೂ ಹಾಗೆಯೇ ಇತ್ತು. ಅಕ್ಕ ಚಾ ಚಿತ್ರ ಒತ್ತಿದರೆ ಆ ಸಂಗತಿ ಅಜೆಕಾರಿನಿಂದ ಎಲ್ಲಿಗೋ ಹೋಗಿ, ಅಲ್ಲಿ “ಎರಡು ಚಾ! ಬೇಗ!” ಎಂಬುದು ಹೊಸದಾಗಿ ತಯಾರಾಗಿ, ತಿರುಗಿ ಅಜೆಕಾರಿಗೆ ಬರುತ್ತಿತ್ತು. ಪ್ರತಿ ಸಲವೂ. ದಿನಕ್ಕೆ ಎಷ್ಟು ಚಾ ಅಷ್ಟು ಪ್ರಯಾಣ. ಶಾಲೆಯಲ್ಲಿ ಸೀಮೆಸುಣ್ಣವನ್ನು ಉಗುರಿನಷ್ಟಾಗುವವರೆಗೆ ಬಳಸಿದವಳು ನಾನು, ನನಗೆ ಯಾಕೋ ಕಸಿವಿಸಿಯಾಗಿ ಅದೇ ಮಾತನ್ನು ಪುನಃ ಪುನಃ ತಯಾರಿಸುವುದು ಯಾಕೆ ಎಂದೆ.

ಜೊತೆಗಾರ ಹುಡುಗ ನಕ್ಕ. “ಟೀಚರ್, ಫ್ರೀ ಉಂಟಲ್ಲ ಮಾರಾಯ್ರೆ. ಬಳಸದಿದ್ದರೆ ಹಾಗೇ ಮುಗಿದು ಹೋಗ್ತದೆ.”

ಬಳಸಿದರೂ ಮುಗಿಯುತ್ತದೆ, ಬಳಸದಿದ್ದರೂ ಮುಗಿಯುತ್ತದೆ. ಇದೆಂಥ ಊಟ ಎಂದು ಅನ್ನಿಸಿತು, ಆದರೆ ಅವರು ಇಂಜಿನಿಯರುಗಳು. ನಾನೂ ನಕ್ಕೆ.

ಒಂದು ಮಧ್ಯಾಹ್ನ, ಗಂಜಿಯ ಹೊತ್ತು, ಅಕ್ಕನ ಮಗ ಫೋನು ಮಾಡಿದ. “ಚಿಕ್ಕಮ್ಮ, ಅಮ್ಮನ ಫೋನ್ ಮಾತಾಡುದಿಲ್ಲ. ಒತ್ತಿ ಒತ್ತಿ ಸಾಕಾಯ್ತು. ಅವರು ಅದನ್ನು ಕುಟ್ಟಿ ನೋಡ್ತಿದ್ದಾರೆ.”

ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದೆ. ಅಜೆಕಾರಿನಲ್ಲಿ ಅದೇನು ಹೊಸತಲ್ಲ. ಸಂಜೆಗೂ ಮಾತಾಡಲಿಲ್ಲ. ಮರುದಿನ ಮಣಿಪಾಲಕ್ಕೆ ಓಡಿದೆ.

ಹುಡುಗಿಯ ಮುಖ ನೋಡಿದಾಗಲೇ ಗೊತ್ತಾಯಿತು. ಕ್ರೆಡಿಟ್ ಮುಗಿದಿತ್ತು. ಅವರು ಎಣಿಸಿದ್ದಕ್ಕಿಂತ ಎಷ್ಟೋ ಮೊದಲೇ. ಚಾ ಬನ್ಸಿನ ಪ್ರಯಾಣದಿಂದ ಆದದ್ದು ಸ್ವಲ್ಪ. ಹೆಚ್ಚು ತಿಂದದ್ದು ಬೇರೆಯೇ. ಹೀಗೆ ಕಟ್ಟಿಸಿದ ಧ್ವನಿಯನ್ನು ಹಗಲೂ ರಾತ್ರಿಯೂ ಎಚ್ಚರವಾಗಿಡಬೇಕಂತೆ. ಅಕ್ಕ ಮಾತಾಡಿದರೂ, ಮಾತಾಡದೆ ಮಲಗಿ ನಿದ್ದೆ ಮಾಡಿದರೂ ಅದು ಅಲ್ಲಿ ಎಚ್ಚರವಿದ್ದು ಕ್ರೆಡಿಟ್ಟನ್ನು ತಿನ್ನುತ್ತಲೇ ಇರುತ್ತದೆ. ಎಚ್ಚರಿಕೆಯ ಮೇಲ್ ಬಂದಿತ್ತು. ಅವಧಿ ವಿಸ್ತರಿಸುತ್ತಾರೆ ಎಂದು ಹುಡುಗ ನಂಬಿದ್ದ. ನಾಳೆಯೂ ಊಟ ಇರುತ್ತದೆ ಎಂದು ನಂಬುವ ಹಾಗೆಯೇ. ವಿಸ್ತರಿಸಿ ಎಂದು ಬರೆದದ್ದಕ್ಕೆ ಉತ್ತರ ಬಂದದ್ದು ಯಂತ್ರದಿಂದ, ಬಹಳ ವಿನಯದ ಉತ್ತರ.

“ನನ್ನ ಪೆನ್ಶನ್ ಉಂಟು. ಅಕ್ಕನ ಒಬ್ಬಳದ್ದು ನಾನು ಕೊಡುತ್ತೇನೆ” ಎಂದೆ.

“ಅದು ನಿಮ್ಮ ಪೆನ್ಶನ್ನಿಂದ ಆಗೂ ಮಾತಲ್ರಿ, ಟೀಚರ್” ಎಂದಳು. ಗದಗ ಎದ್ದು ಬಂದಿತ್ತು. “ನಮ್ಮಿಬ್ಬರ ಮನಿ ಮಾರಿದ್ರೂ ಬಾಳ ದಿನ ನಡಿಯಂಗಿಲ್ರಿ.”

“ಹಾಗಾದರೆ ಆ ಧ್ವನಿಯನ್ನು ಅಲ್ಲಿಂದ ತೆಗೆದು ನಮ್ಮಲ್ಲಿ ಇಟ್ಟುಕೊಳ್ಳುವ.”

“ಅಲ್ಲೇ ಕಟ್ಟಿದ್ದು. ಹೊರಗ ತರಾಕ ಬರೂದಿಲ್ರಿ.”

“ನನ್ನ ಅಕ್ಕನ ಧ್ವನಿ ಮಾರಾಯ್ತಿ ಅದು!” ನಾನು ಕಿರುಚಿದೆ. ಕ್ಲಾಸಿನಲ್ಲೂ ಹಾಗೆ ಕಿರುಚಿದವಳಲ್ಲ ನಾನು.

“ಗೊತ್ತೈತ್ರಿ” ಎಂದು ಅವಳು ತಲೆ ತಗ್ಗಿಸಿದಳು. ಆ ಮಗುವಿನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಊಟ ಮಾಡಿದ್ದೀಯಾ ಎಂದು ಕೇಳಬೇಕೆನಿಸಿತು, ಸಿಟ್ಟಿನಲ್ಲಿ ಕೇಳಲಿಲ್ಲ.

ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಬೇರೊಂದು ದೊಡ್ಡ ಕಂಪೆನಿಗೆ ಅರ್ಜಿ ಹಾಕಿದರು, ಅಲ್ಲಿಯೂ ಕ್ರೆಡಿಟ್ ಸಿಕ್ಕಿತು. ಒಂದು ಛತ್ರದಲ್ಲಿ ಎಲೆ ತೆಗೆದರೆಂದು ಇನ್ನೊಂದು ಛತ್ರಕ್ಕೆ ಗಂಟುಮೂಟೆ ಕಟ್ಟುವ ಹಾಗೆ ತಮ್ಮ ಚಿತ್ರ, ಲೆಕ್ಕ, ಹೆಸರು ಎಲ್ಲವನ್ನೂ ಹೊತ್ತುಕೊಂಡು ಹೋದರು. ಹೊಸ ಕಡೆ ಅಕ್ಕನ ಧ್ವನಿ ಕಟ್ಟುವ ಸವಲತ್ತು ಇರಲಿಲ್ಲ. ತುಳುವೂ ಇರಲಿಲ್ಲ. ಕನ್ನಡ ಇತ್ತು, ಅವರು ಮೊದಲೇ ತಯಾರಿಸಿಟ್ಟ ಒಂದು ಹೆಣ್ಣುಧ್ವನಿಯಲ್ಲಿ. ಸದ್ಯಕ್ಕೆ ಇದಾದರೂ ಇರಲಿ ಎಂದು ಹುಡುಗಿ ಫೋನನ್ನು ಸರಿಮಾಡಿಕೊಟ್ಟಳು. ಇಲ್ಲದ್ದಕ್ಕಿಂತ ವಾಸಿ ಎಂದು ನಾನೂ ಒಪ್ಪಿ ಅಜೆಕಾರಿಗೆ ಕೊಂಡುಹೋದೆ.

ಅಕ್ಕ ಗಲ್ಲಾದಲ್ಲಿ ಕುಳಿತು ಚಾ ಚಿತ್ರ ಒತ್ತಿದಳು. ಇಪ್ಪತ್ತರ ಪ್ರಾಯದ, ಯಾರ ಮೇಲೂ ಯಾವತ್ತೂ ಸಿಟ್ಟಾಗದ ಒಂದು ಸ್ವರ ಮೆಲ್ಲಗೆ “ಎರಡು ಚಹಾ. ಬೇಗ” ಎಂದಿತು. ಅಡುಗೆಕೋಣೆಯಿಂದ ಯಾರೂ ಬರಲಿಲ್ಲ. ಮೊದಲ ಮೇಜಿನಲ್ಲಿದ್ದ ರಿಕ್ಷಾದವನೊಬ್ಬ, ಕೆಟ್ಟವನೇನಲ್ಲ, ಅಕ್ಕನ ಕೈಯ ಬನ್ಸ್ ತಿಂದೇ ಬೆಳೆದವನು, “ಅಕ್ಕಾ, ಮುಂಬೈ ವಿಮಾನ ಎಷ್ಟು ಗಂಟೆಗೆ?” ಎಂದ. ಎಲ್ಲರೂ ನಕ್ಕರು. ನನಗೂ ತುಟಿಯವರೆಗೆ ಬಂತು. ಅಕ್ಕ ಫೋನನ್ನು ಗಲ್ಲಾದೊಳಗೆ ಹಾಕಿ ಮುಚ್ಚಿ, ಬೀಗದ ಕೈಯನ್ನು ಮಗನ ಮುಂದಿಟ್ಟು ಒಳಗೆ ಹೋದಳು. ನಾನು ಹಿಂದೆ ಹೋದಾಗ ನೀರುಳ್ಳಿಯ ಬುಟ್ಟಿ ಎಳೆದುಕೊಂಡಾಗಿತ್ತು.

ಅವತ್ತು ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಈಗಲೂ ತಿಳಿಯುವುದಿಲ್ಲ. ಹಿಂದೆ ಒಂದು ಕಾಲಕ್ಕೆ ಅಕ್ಕನ ಹೋಟೆಲಿಗೆ ತಂಪುಪಾನೀಯದ ಏಜೆಂಟನೊಬ್ಬ ಪುಕ್ಕಟೆ ಫ್ರಿಜ್ಜು ತಂದಿಟ್ಟಿದ್ದ. ಅವನ ಬಾಟ್ಲಿಯ ಜೊತೆಗೆ ಅಕ್ಕ ಹಾಲು, ಮೀನು, ದೋಸೆ ಹಿಟ್ಟು ಎಲ್ಲ ಇಡತೊಡಗಿದಳು. ತನ್ನ ಹಳೆಯ ಸಣ್ಣ ಫ್ರಿಜ್ಜನ್ನು ಯಾರಿಗೋ ಕೊಟ್ಟೂಬಿಟ್ಟಳು. ಬಾಟ್ಲಿ ಖರ್ಚಾಗದೆ ಅವನು ಫ್ರಿಜ್ಜು ಕೊಂಡುಹೋದ ದಿನ ಅಷ್ಟೂ ಹಾಲು ಹಾಳಾಯಿತು. ನಾನು ಅವನಿಗೆ ಶಾಪ ಹಾಕಿದಾಗ ಅಕ್ಕ ನನಗೇ ಬೈದಿದ್ದಳು. ಅವನ ಪೆಟ್ಟಿಗೆ, ಅವನು ಕೊಂಡುಹೋದ, ನಿನಗೆಂತ? ಆ ಮಾತನ್ನು ಈ ಕಂಪೆನಿಗೆ ಹಚ್ಚಿ ನೋಡಿದೆ. ಹೊಂದುತ್ತದೆ, ಹೊಂದುವುದಿಲ್ಲ. ಪೆಟ್ಟಿಗೆ ಅವರದು ನಿಜ. ಒಳಗಿದ್ದದ್ದು? ಹಾಲು ಹೋದರೆ ಮರುದಿನ ಬೇರೆ ಹಾಲು ಬರುತ್ತದೆ. ಇಂತಿಷ್ಟೇ ಕೊಡುತ್ತೇವೆ ಎಂದು ಅವರು ಮೊದಲೇ ಹೇಳಿದ್ದರು, ಅಷ್ಟನ್ನು ಕೊಟ್ಟೂ ಇದ್ದರು. ಹುಡುಗಿ ತನಗಾಗಿ ಒಂದು ಪೈಸೆ ಮಾಡಿಕೊಂಡವಳಲ್ಲ. ಕೊಟ್ಟವರೂ ಕೆಟ್ಟವರಲ್ಲ, ತೆಗೆದುಕೊಂಡವಳೂ ಕೆಟ್ಟವಳಲ್ಲ, ನಡುವೆ ನನ್ನ ಅಕ್ಕ ಇನ್ನೊಮ್ಮೆ ಮೂಕಿಯಾದಳು. ಒಂದು ಸಲ ಕಳಕೊಂಡವಳಿಗೆ ತಿರುಗಿ ಕೊಟ್ಟು ಪುನಃ ಕಸಿದುಕೊಂಡದ್ದು ನನ್ನ ಹೊಟ್ಟೆ ಉರಿಸಿತು. ಆ ಉರಿಯನ್ನು ಹಿಡಿದುಕೊಂಡು ಯಾರ ಮನೆಯ ಬಾಗಿಲಿಗೆ ಹೋಗುವುದು ಎಂಬುದೇ ತಿಳಿಯದು.

ಒಂದು ಭಾನುವಾರ ಹುಡುಗಿ ಒಬ್ಬಳೇ ಅಜೆಕಾರಿಗೆ ಬಂದಳು. ಕರೆದವರಿಲ್ಲ. ನಾನು ಅಲ್ಲೇ ಇದ್ದೆ. ಅಕ್ಕನ ಮುಂದೆ ಕುಳಿತು, ತಾನು ಬೇರೆ ಒಂದು ಉಪಾಯ ತಂದಿದ್ದೇನೆ ಎಂದಳು. ನನ್ನ ಫೋನಿನ ಹಳೆಯ ಸಂದೇಶಗಳನ್ನೇ ತುಂಡು ಮಾಡಿ, ಒಂದೊಂದು ಚಿತ್ರಕ್ಕೆ ಒಂದೊಂದು ತುಂಡು ಜೋಡಿಸಿದ್ದಳು. ಕ್ಲೌಡಿಲ್ಲ, ಗಿಲೌಡಿಲ್ಲ, ಎಲ್ಲ ಫೋನಿನೊಳಗೇ.

ಆದರೆ ಅಕ್ಕ ನನಗೆ ಸಂದೇಶ ಕಳಿಸುವಾಗ ಎರಡು ಚಾ ಎಂದು ಯಾಕೆ ಹೇಳುತ್ತಾಳೆ? ಇದ್ದದ್ದು ಬೈಗುಳ. “ಎರಡು” ಒಂದು ಜಗಳದಿಂದ, “ಚಾ” ಇನ್ನೊಂದು ಜಗಳದಿಂದ ಬಂದಿತ್ತು. ಹರಿದ ಸೀರೆಗೆ ಬೇರೆ ಬೇರೆ ಬಣ್ಣದ ತೇಪೆ ಹಾಕಿದಂತಿತ್ತು. ಅಕ್ಕ ಎಲ್ಲ ಚಿತ್ರಗಳನ್ನೂ ಒತ್ತಿ ಕೇಳಿದಳು. ತನ್ನ ಸ್ವರ ಹೀಗೆ ಚೂರುಚೂರಾಗಿ ಬಂದದ್ದು ಕೇಳಿ ಸಿಟ್ಟಾಗುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ತಲೆಯಲ್ಲಾಡಿಸಿ, ಫೋನನ್ನು ಹುಡುಗಿಯ ಕೈಗೆ ಕೊಟ್ಟು, ನನ್ನ ಬಾಯಿಯ ಕಡೆಗೆ ಬೆರಳು ತೋರಿಸಿದಳು.

ನನಗೆ ಅರ್ಥವಾಗಲಿಲ್ಲ. ಮಗನಿಗೆ ಅರ್ಥವಾಯಿತು.

“ಚಿಕ್ಕಮ್ಮ, ನೀವು ಹೇಳಬೇಕಂತೆ. ಹಿಂದೆ ಲ್ಯಾಂಡ್‌ಲೈನಿನಲ್ಲಿ ನೀವಾ ಅಮ್ಮನಾ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ವಾ?”

ಅದು ನಿಜ. ನನ್ನ ಗಂಡನೇ ಮದುವೆ ನಿಶ್ಚಯವಾದ ಹೊಸತರಲ್ಲಿ ಅವಳ ಹತ್ತಿರ ಬಹಳ ಹೊತ್ತು ಮಾತಾಡಿ ಮರ್ಯಾದೆ ಕಳಕೊಂಡದ್ದುಂಟು. ಆದರೆ ಅದು ಹಳೆಯ ಮಾತು. ನನ್ನದು ಪಾಠ ಮಾಡಿದ ಸ್ವರ, ಅವಳದು ಹೋಟೆಲು ನಡೆಸಿದ ಸ್ವರ. ನನ್ನಿಂದ ಆಗುವುದಿಲ್ಲ ಎಂದೆ. ಅಕ್ಕ ನನ್ನ ರಟ್ಟೆ ಹಿಡಿದು ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ ಇಡುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅಲ್ಲಿ ರಸ್ತೆಯ ಸದ್ದು ಬರುವುದಿಲ್ಲ.

ಆ ಕೋಣೆಯಲ್ಲಿ ನಾನು ಪಟ್ಟ ಪಾಡು ಯಾವ ಪರೀಕ್ಷೆಯಲ್ಲೂ ಪಟ್ಟಿಲ್ಲ. ಹುಡುಗಿ ಫೋನು ಹಿಡಿಯುತ್ತಾಳೆ, ಅಕ್ಕ ಚಿತ್ರ ತೋರಿಸುತ್ತಾಳೆ, ನಾನು ಹೇಳಬೇಕು. “ಎರಡು ಚಾ” ಎಂದೆ. ಅಕ್ಕ ಮುಖ ಹುಳಿ ಮಾಡಿದಳು. ಇನ್ನೊಮ್ಮೆ. ಕೈಯಿಂದ ಇನ್ನೂ ಮೇಲೆ ಎಂದಳು. ಇನ್ನೊಮ್ಮೆ. ನನ್ನ ಬೆನ್ನಿಗೊಂದು ಗುದ್ದಿದಳು. ಗುದ್ದಿನ ಸಿಟ್ಟಿನಲ್ಲಿ ಬಂದ “ಎರಡು ಚಾ! ಬೇಗ!” ಅವಳಿಗೆ ಒಪ್ಪಿಗೆಯಾಯಿತು. ಹಾಗೆ ಬನ್ಸಾಯಿತು, ಅವಲಕ್ಕಿಯಾಯಿತು, ಮೀನು ಮುಗಿಯಿತು ಎಂದದ್ದಾಯಿತು, ಗಿರಾಕಿಗಳನ್ನು ಕರೆದದ್ದೂ ಕೂರಿಸಿದ್ದೂ ಆಯಿತು, ದುಡ್ಡು ಕೊಡದೆ ಹೋಗುವವನನ್ನು ಹಿಂದಕ್ಕೆ ಕರೆಯುವುದಾಯಿತು. ಹೊರಗೆ ಬರುವಾಗ ನನ್ನ ಗಂಟಲು ಕಟ್ಟಿತ್ತು. ಅಕ್ಕ ಬಿಸಿನೀರಿಗೆ ಕಾಳುಮೆಣಸು ಹಾಕಿ ತಂದುಕೊಟ್ಟಳು.

“ಇದು ಎಲ್ಲಿಗೂ ಹೋಗುದಿಲ್ಲ ಟೀಚರ್” ಎಂದಳು ಹುಡುಗಿ. “ನೆಟ್ ಇಲ್ಲದಿದ್ದರೂ ಮಾತಾಡ್ತದೆ. ನಮ್ಮ ಕಂಪೆನಿ ಮುಚ್ಚಿದರೂ ಮಾತಾಡ್ತದೆ.”

“ಮತ್ತೆ ಇದನ್ನು ಮೊದಲೇ ಯಾಕೆ ಮಾಡಲಿಲ್ಲ ನೀನು? ಅವಳಿಗೆ ಮಾತು ಹೋದಮೇಲೆ ಮೊದಲ ದಿನವೇ ಆಗುತ್ತಿತ್ತಲ್ಲ?”

ಅವಳು ಸುಳ್ಳು ಹೇಳುವ ಮಗು ಅಲ್ಲ. “ಹೊಳೀಲೇ ಇಲ್ರಿ” ಎಂದಳು. “ಅದು ಫ್ರೀ ಇತ್ತಲ್ರಿ.”

ಆ ಉತ್ತರಕ್ಕೆ ನಾನು ಮಾರ್ಕು ಕೊಡಬೇಕೋ ಕಳೆಯಬೇಕೋ ಗೊತ್ತಾಗದೆ ಕಾಳುಮೆಣಸಿನ ನೀರು ಕುಡಿದೆ. ಅವರ ಕಂಪೆನಿ ಈಗಲೂ ಇದೆ. ಹೊಸ ಛತ್ರದಲ್ಲಿ ಎಲೆ ಎಷ್ಟು ದಿನ ಎಂದು ನಾನು ಕೇಳುವುದಿಲ್ಲ. ಹೋದಾಗ ಬನ್ಸ್ ಕಟ್ಟಿಕೊಂಡು ಹೋಗುತ್ತೇನೆ.

ಅಕ್ಕ ಮರುದಿನದಿಂದಲೇ ಗಲ್ಲಾದಲ್ಲಿ ಕುಳಿತಳಂತೆ. ಆಮೇಲೊಂದು ದಿನ ನಾನು ಹೋದಾಗ ಬಸ್ಸಿಳಿಯುವ ಮೊದಲೇ ನನ್ನ ಕಿವಿಗೆ ಒಂದು ಹೆಂಗಸು ಅಡುಗೆಯವಳ ಮೇಲೆ ಹಾರಾಡುವುದು ಕೇಳಿತು. ಯಾರಪ್ಪ ಇವಳು, ಇಷ್ಟು ಗರ್ವ ಎಂದುಕೊಂಡೆ. ಹೋಟೆಲಿನ ಮುಂದೆ ಬಂದ ಮೇಲೆ ಗೊತ್ತಾಯಿತು ಅದು ನಾನು ಎಂದು. ಒಳಗೆ ಹೋಗಲು ನಾಚಿಕೆಯಾಗಿ ರಸ್ತೆಯಲ್ಲೇ ನಿಂತೆ. ನಾಲ್ಕು ಮೇಜಿನ ಮಂದಿಯೂ ಅದನ್ನು ಅಕ್ಕನ ಸ್ವರವೆಂದೇ ಒಪ್ಪಿಕೊಂಡು ಗಂಜಿ ಉಣ್ಣುತ್ತಿದ್ದರು. ರಿಕ್ಷಾದವನು ಬೈಸಿಕೊಂಡು ದುಡ್ಡು ಕೊಡುತ್ತಿದ್ದ. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನ ಸ್ವರಕ್ಕೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ. ಅದು ನನ್ನದು ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಬಾಯಿ ಹೋದಂದಿನಿಂದ ಅಕ್ಕ ಫೋನು ಮಾಡುವುದನ್ನು ಬಿಟ್ಟಿದ್ದಳು. ಮಾಡಿ ಏನು ಹೇಳುವುದು? ನಾನೂ ಈಚೆಗೆ ಗಂಡನ ಕಾಲಿನ ಹುಣ್ಣಿನ ಗಡಿಬಿಡಿಯಲ್ಲಿ ಅಜೆಕಾರಿಗೆ ಹೋಗದೆ ಬಹಳ ಕಾಲವಾಗಿತ್ತು. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಫೋನಿನಲ್ಲಿ “ಅಕ್ಕ” ಎಂದು ಬಂತು. ಅವಳ ಫೋನಿನಿಂದ ಮಗ ಮಾಡುತ್ತಿದ್ದಾನೆ, ಏನೋ ಆಗಿದೆ ಎಂದೇ ತೆಗೆದೆ.

“ಎಂತ ಬೇಕು?” ಎಂದಿತು ಫೋನು. ನನ್ನದೇ ಸ್ವರ.

“ಅಕ್ಕಾ?” ಎಂದೆ. ಆ ಕಡೆ ಚಿತ್ರ ಹುಡುಕುತ್ತಿರಬೇಕು. ಹೋಟೆಲಿಗೆ ಬೇಕಾದ ಮಾತಿನ ಹೊರತು ಬೇರೆ ಮಾತನ್ನು ನಾವು ಅದರಲ್ಲಿ ತುಂಬಿರಲಿಲ್ಲ. ತಂಗಿಯ ಹತ್ತಿರ ಏನು ಮಾತಾಡಬೇಕಾದೀತು ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

“ಗಂಜಿ ಬಿಸಿ ಉಂಟು.”

ನಾನು ಊಟದ ಬಟ್ಟಲನ್ನು ಬದಿಗೆ ಸರಿಸಿದೆ.

“ಬನ್ನಿ. ಕೂತುಕೊಳ್ಳಿ.”

ಗಿರಾಕಿಗಳಿಗೆಂದು ಗುದ್ದಿಸಿಕೊಂಡು ನಾನು ಹೇಳಿದ್ದು. ಈಗ ಅದೇ ನನ್ನನ್ನು ಕರೆಯುತ್ತಿತ್ತು, ಮತ್ತೆ ಒತ್ತಿದಳು, ಮತ್ತೆ ಕರೆಯಿತು. ಕರೆಯುವುದು ನಾನೋ, ಬರಬೇಕಾದದ್ದು ನಾನೋ, ಒಂದು ಗಳಿಗೆ ತಲೆಯೇ ಓಡಲಿಲ್ಲ.

“ಬರ್ತೇನೆ ಅಕ್ಕ, ಈಗಲೇ ಹೊರಟೆ!” ಎಂದು ನಾನು ಕೂಗಿದ್ದು ಎಷ್ಟು ಜೋರಿತ್ತೆಂದರೆ, ಅಂಗಳದ ಮಲ್ಲಿಗೆ ಗಿಡಗಳಿಗೆ ನೀರು ಬಿಡುತ್ತಿದ್ದ ನನ್ನ ಗಂಡ ಸ್ವರದ ಗುರುತು ಸಿಗದೆ ಪೈಪು ಕೆಳಗಿಟ್ಟು ಬಾಗಿಲಿಗೆ ಬಂದರು.

“ಯಾರು ಬಂದದ್ದು?” ಎಂದು ಒಳಗೆ ಇಣುಕಿದರು.

“ಅಕ್ಕ” ಎಂದೆ.